ಸಕ್ಕರೆ ಇಳಿದಾಗ ಸಕ್ಕರೆಯೇ ಮದ್ದು

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹಗಲೆಲ್ಲ ದುಡಿದು ಬಂದಿದ್ದೀರಿ. ಮನೆಯವರಿಗೆಲ್ಲ ಬಡಿಸಿ, ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿ, ಪುಸ್ತಕ ಹಿಡಿದು ಇಲ್ಲಿ ಕೂತಿದ್ದೀರಿ. ನಿಮ್ಮಲ್ಲಿ ಕೆಲವರು ಇನ್ನೂ ಉಂಡಿಲ್ಲ ಅಂತಲೂ ನಮಗೆ ಗೊತ್ತು. ಆ ಮಾತಿಗೆ ಆಮೇಲೆ ಬರ್ತೇವೆ.

ನಾವು ಉಪಕೇಂದ್ರದ ದಾದಿಯರು. ನಿಮ್ಮ ಮಕ್ಕಳಿಗೆ ಚುಚ್ಚುಮದ್ದು ಹಾಕೋಕೆ ಬರ್ತೀವಲ್ಲ, ನಾವೇ. ಹೋದ ವಾರ ಇದೇ ಕೇಂದ್ರದ ಒಬ್ಬ ತಂಗಿ ನಮ್ಮನ್ನು ದಾರಿಯಲ್ಲಿ ನಿಲ್ಲಿಸಿದಳು. ಹೆಸರು ಹೇಳೋದಿಲ್ಲ. ಅವಳು ಕೇಳಿದ್ದು ಇಷ್ಟು:

"ಅಕ್ಕಾ, ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಮೊನ್ನೆ ಸಂಜೆ ಅವರಿಗೆ ಮೈಯೆಲ್ಲ ಬೆವತು ಕೈ ನಡುಗೋಕೆ ಶುರುವಾಯ್ತು. 'ಬಾಯಿಗೆ ಒಂಚೂರು ಸಿಹಿ ಕೊಡೇ' ಅಂದರು. ನಾನು ಕೊಡಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಸಿಹಿ ವಿಷ ಅಂತ ನೀವೇ ಹೇಳಿದ್ರಲ್ಲ? ಸ್ವಲ್ಪ ಹೊತ್ತಿಗೆ ಅವರು ಬಿದ್ದೇ ಹೋದರು. ನಾನು ಮಾಡಿದ್ದು ಸರಿಯೋ ತಪ್ಪೋ?"

ಅತ್ತೆ ಬದುಕಿದರು. ಪಕ್ಕದ ಮನೆ ಹುಡುಗ ಆಟೋದಲ್ಲಿ ಆಸ್ಪತ್ರೆಗೆ ಕರಕೊಂಡು ಹೋದ. ಅಲ್ಲಿ ರಕ್ತನಾಳಕ್ಕೇ ಗ್ಲೂಕೋಸ್ ಕೊಟ್ಟರು. ಕೆಲವೇ ನಿಮಿಷದಲ್ಲಿ ಕಣ್ಣು ಬಿಟ್ಟರಂತೆ. ಸೊಸೆ ಮಾತ್ರ ಇನ್ನೂ ಅಳ್ತಾ ಇದ್ದಳು.

ತಪ್ಪು ಅವಳದಲ್ಲ, ನಮ್ಮದು. ಸಕ್ಕರೆ ಕಾಯಿಲೆಯವರು ಸಿಹಿ ತಿನ್ನಬೇಡಿ ಅಂತ ಮನೆಮನೆಗೆ ಹೋಗಿ ಹೇಳಿದೆವು. ಯಾವ ಹೊತ್ತಿನಲ್ಲಿ ತಿನ್ನಲೇಬೇಕು ಅಂತ ಹೇಳಲಿಲ್ಲ. ಅರ್ಧ ಹೇಳಿದ ಮಾತು ಪೂರ್ತಿ ಸುಳ್ಳಿಗಿಂತ ಕೆಟ್ಟದ್ದು. ಉಳಿದರ್ಧ ಹೇಳೋಕೆ ಇವತ್ತು ಬಂದಿದ್ದೇವೆ.

ಸಕ್ಕರೆ ಕಾಯಿಲೆ ಅಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚಾಗೋದು. ಇದು ನಿಮಗೆ ಗೊತ್ತಿದೆ. ಆದರೆ ಅದೇ ಕಾಯಿಲೆಯವರಿಗೆ ಸಕ್ಕರೆ ಒಮ್ಮೊಮ್ಮೆ ತೀರಾ ಕಡಿಮೆ ಆಗೋದೂ ಉಂಟು. "ಲೋ ಆಯ್ತು", "ಡೌನ್ ಆಯ್ತು" ಅಂತ ಜನ ಹೇಳ್ತಾರಲ್ಲ, ಅದೇ. ಡಾಕ್ಟರುಗಳು ಹೈಪೋಗ್ಲೈಸೀಮಿಯಾ ಅಂತಾರೆ. ನಾವು ಸಕ್ಕರೆ ಇಳಿಯೋದು ಅನ್ನೋಣ.

ಹೆಚ್ಚಾಗೋ ಕಾಯಿಲೆಯಲ್ಲಿ ಕಡಿಮೆ ಯಾಕಾಗುತ್ತೆ? ಕಾಯಿಲೆಯಿಂದಲ್ಲ, ಔಷಧಿಯಿಂದ. ನಾವು ಉಂಡ ಮುದ್ದೆ, ರೊಟ್ಟಿ, ಅನ್ನ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತೆ. ಇನ್ಸುಲಿನ್ ಸೂಜಿ ಮತ್ತು ಕೆಲವು ಮಾತ್ರೆಗಳು ಆ ಸಕ್ಕರೆಯನ್ನು ಇಳಿಸುತ್ತವೆ. ಅದೇ ಅವುಗಳ ಕೆಲಸ. ಊಟ ಬಂದಿದೆಯೋ ಇಲ್ಲವೋ ಅಂತ ಅವು ನೋಡೋದಿಲ್ಲ. ಹೊಟ್ಟೆ ಖಾಲಿ ಇದ್ದರೂ ಇಳಿಸುತ್ತಲೇ ಹೋಗುತ್ತವೆ.

ಇಳಿದರೆ ಮೊದಲ ಪೆಟ್ಟು ಮಿದುಳಿಗೆ. ಮಿದುಳು ನಡೆಯೋದೇ ಸಕ್ಕರೆಯಿಂದ. ಕಣಜದಲ್ಲಿ ರಾಗಿ ತುಂಬಿಟ್ಟ ಹಾಗೆ ಸಕ್ಕರೆ ತುಂಬಿಟ್ಟುಕೊಳ್ಳೋಕೆ ಮಿದುಳಿಗೆ ಆಗೋದಿಲ್ಲ. ರಕ್ತ ಹೊತ್ತು ತಂದದ್ದನ್ನು ಆಗಲೇ ಉಣ್ಣಬೇಕು. ರಕ್ತದಲ್ಲಿ ಇಲ್ಲದಿದ್ದರೆ ಮಿದುಳು ಉಪವಾಸ. ಅದಕ್ಕೇ ಮಾತು ತೊದಲುತ್ತೆ, ಬುದ್ಧಿ ಮಂಕಾಗುತ್ತೆ, ಮನುಷ್ಯ ಬೀಳ್ತಾನೆ.

ಇದು ಹೊಸ ಸಂಗತಿ ಏನಲ್ಲ. ಕೆನಡಾ ದೇಶದ ಟೊರಾಂಟೋ ಊರಿನಲ್ಲಿ 1921ರಲ್ಲಿ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಸಲ ಕೊಟ್ಟರು. ಆ ದಿನಗಳಲ್ಲಿ ಮೊಲಗಳಿಗೂ ಅದನ್ನು ಚುಚ್ಚಿ ಪರೀಕ್ಷೆ ಮಾಡುತ್ತಿದ್ದರು. ಹೆಚ್ಚಾಗಿ ಚುಚ್ಚಿದಾಗ ಮೊಲಗಳು ಸೆಟೆದು ಒದ್ದಾಡಿದವು. ಸಕ್ಕರೆ ಕೊಟ್ಟಾಗ ಎದ್ದು ಕೂತವು. ಅಂದರೆ ಔಷಧಿ ಹುಟ್ಟಿದಾಗಲೇ ಅದರ ಅಪಾಯವೂ ಗೊತ್ತಾಯ್ತು, ಅದಕ್ಕೆ ಮದ್ದೂ ಗೊತ್ತಾಯ್ತು. ನೂರು ವರ್ಷ ಕಳೆದರೂ ಆ ಮಾತು ನಮ್ಮ ಅಡುಗೆಮನೆಗೆ ಬಂದು ಮುಟ್ಟಿಲ್ಲ.

ಸಕ್ಕರೆ ಇಳಿದಿದೆ ಅಂತ ತಿಳಿಯೋದು ಹೇಗೆ?

ಮೊದಲು ಬೆವರು. ಬಿಸಿಲಿನ ಬೆವರಲ್ಲ, ತಣ್ಣನೆ ಬೆವರು. ಫ್ಯಾನಿನ ಕೆಳಗೆ ಕೂತಿದ್ದರೂ ರವಿಕೆ ಒದ್ದೆಯಾಗುತ್ತೆ. ಕೈ ನಡುಗುತ್ತೆ. ಎದೆ ಡವಡವ ಅನ್ನುತ್ತೆ. ಒಮ್ಮೆಗೇ ಹಸಿವು ಕೆರಳುತ್ತೆ. ತುಟಿ ಜುಮ್ಮೆನ್ನುತ್ತೆ. ಇಷ್ಟರಲ್ಲೇ ಎಚ್ಚೆತ್ತುಕೊಂಡರೆ ಒಳ್ಳೇದು. ತಡವಾದರೆ ಕಣ್ಣು ಮಂಜಾಗುತ್ತೆ, ತಲೆ ನೋಯುತ್ತೆ, ನಡಿಗೆ ತಪ್ಪುತ್ತೆ, ಮಾತು ತೊದಲುತ್ತೆ. ಇನ್ನೂ ತಡವಾದರೆ ಮೂರ್ಛೆ ಬರಬಹುದು, ಎಚ್ಚರ ತಪ್ಪಬಹುದು.

ಇನ್ನೊಂದು ಲಕ್ಷಣ ಇದೆ. ಅದು ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಅದು ಸಿಟ್ಟು. ಸಾಧುವಾಗಿ ಇದ್ದವರು ಇದ್ದಕ್ಕಿದ್ದಂತೆ ಬೈತಾರೆ. ಹಟ ಮಾಡ್ತಾರೆ. ಸಕ್ಕರೆ ನೀರು ಕೊಟ್ಟರೆ "ನನಗೇನಾಗಿದೆ, ಬೇಡ ಹೋಗು" ಅಂತ ಲೋಟ ತಳ್ತಾರೆ. ನೀವು ಬೇಜಾರು ಮಾಡಿಕೊಳ್ಳಬೇಡಿ. ಆ ಮಾತು ಅವರದ್ದಲ್ಲ, ಉಪವಾಸ ಬಿದ್ದ ಮಿದುಳಿನದು. ಇದನ್ನೇ ಜನ ಗಾಳಿ ಸೋಕಿತು ಅಂತಾರೆ, ದೇವರು ಮೈಮೇಲೆ ಬಂತು ಅಂತಾರೆ. ಬೇವಿನ ಸೊಪ್ಪು ತರೋಕೆ ಓಡ್ತಾರೆ. ಬೇವು ಬೇಡ, ಆಗ ಬೇಕಾಗಿರೋದು ಬೆಲ್ಲ.

ಗಂಡಸರಾದರೆ ಕುಡಿದಿದ್ದಾನೆ ಅಂತಾರೆ. ನಾವೇ ಒಂದು ಸಲ ಹಾಗೆ ತಿಳಿದು ಮೋಸ ಹೋದೆವು. ಒಂದು ಮದುವೆಮನೆ. ಮುಹೂರ್ತ ತಡವಾಯ್ತು, ಊಟವೂ ತಡವಾಯ್ತು. ಚಪ್ಪರದ ಕಂಬ ಹಿಡಿದು ಒಬ್ಬರು ತೂರಾಡ್ತಾ ಇದ್ದರು. ಅಂಗಿಯೆಲ್ಲ ಒದ್ದೆ. ಏನೇನೋ ತೊದಲ್ತಾ ಇದ್ದರು. "ಬೆಳಿಗ್ಗೆಯೇ ಹಾಕ್ಕೊಂಡು ಬಂದವ್ನೆ" ಅಂತ ಯಾರೋ ನಕ್ಕರು. ನಾವೂ ಮುಖ ತಿರುಗಿಸಿದೆವು. ಅವರ ಮಗ, ಹತ್ತು ವರ್ಷದ ಹುಡುಗ, ಅಡುಗೆಯವರ ಹತ್ತಿರ ಓಡಿದ. ಮುಷ್ಟಿಯಲ್ಲಿ ಸಕ್ಕರೆ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ಬಂದ. "ಅಪ್ಪ ಕುಡಿಯಲ್ಲ, ಅಪ್ಪಂಗೆ ಶುಗರ್ ಸೂಜಿ ಐತೆ" ಅಂದ. ಕಾಲು ಗಂಟೆಯಲ್ಲಿ ಅಪ್ಪ ನೆಟ್ಟಗೆ ಕೂತು, "ಏನಾಯ್ತು?" ಅಂತ ಕೇಳಿದರು. ಬೆಳಿಗ್ಗೆ ಸೂಜಿ ತಗೊಂಡಿದ್ದರು, ಊಟ ಸಿಕ್ಕಿರಲಿಲ್ಲ. ದಾದಿಯರಾದ ನಮಗೆ ತಿಳಿಯಲಿಲ್ಲ, ಹತ್ತು ವರ್ಷದ ಹುಡುಗನಿಗೆ ತಿಳಿಯಿತು. ಯಾಕೆಂದರೆ ಅವರ ಮನೆಯಲ್ಲಿ ಯಾರೋ ಅವನಿಗೆ ಹೇಳಿಕೊಟ್ಟಿದ್ದರು.

ಈಗ ಮುಖ್ಯ ಮಾತು. ಸಕ್ಕರೆ ಇಳಿದಾಗ ಏನು ಮಾಡಬೇಕು?

ಮೊದಲು ಅವರನ್ನು ಕೂರಿಸಿ. ಕೆಲಸ ನಿಲ್ಲಿಸಲಿ. ಎಚ್ಚರ ಇದ್ದು ನುಂಗೋಕೆ ಆಗೋ ಹಾಗಿದ್ದರೆ, ಟೀ ಚಮಚದಲ್ಲಿ 3 ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಹಾಕಿ, ಚೆನ್ನಾಗಿ ಕಲಸಿ ಕುಡಿಸಿ. ಅದು ಹೆಚ್ಚುಕಡಿಮೆ 15 ಗ್ರಾಂ ಸಕ್ಕರೆ. ಗ್ಲೂಕೋಸ್ ಪುಡಿ ಇದ್ದರೆ ಅದೂ 3 ಚಮಚ. ಸಕ್ಕರೆ ಇಲ್ಲ, ಬೆಲ್ಲ ಇದೆ ಅಂದರೆ ಪುಡಿ ಮಾಡಿ ನೀರಲ್ಲಿ ಕರಗಿಸಿ ಕೊಡಿ. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡೋ ನಾಡು ನಮ್ಮದು. ಅದೇ ಬೆಲ್ಲ ನೀರು ಇಲ್ಲಿ ಜೀವ ಉಳಿಸುತ್ತೆ. ಬಸ್ಸಿನಲ್ಲಿದ್ದರೆ, ಅಂಗಡಿ ಹತ್ತಿರ ಇದ್ದರೆ, ಸಿಹಿಯಾದ ತಂಪು ಪಾನೀಯ ಅರ್ಧ ಲೋಟ, ಇಲ್ಲವೇ ಹಣ್ಣಿನ ರಸ ಅರ್ಧ ಲೋಟ.

ಕುಡಿಸಿದ ಮೇಲೆ 15 ನಿಮಿಷ ಕಾಯಿರಿ. ಗಡಿಯಾರ ನೋಡಿ. ಈ 15 ನಿಮಿಷ ಬಹಳ ಉದ್ದ ಅನ್ನಿಸುತ್ತೆ. ನಡುಕ ನಿಲ್ಲದಿದ್ದರೆ ಮತ್ತೆ 3 ಚಮಚ. ಮತ್ತೆ 15 ನಿಮಿಷ. ಆಗಲೂ ಸರಿಹೋಗದಿದ್ದರೆ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಎಚ್ಚರ ಇರೋವರೆಗೆ ಸಕ್ಕರೆ ನೀರು ಗುಟುಕು ಗುಟುಕಾಗಿ ಕೊಡ್ತಾ ಇರಿ.

ಸರಿಹೋಯಿತು ಅಂದಮೇಲೆ ಅಲ್ಲಿಗೇ ಬಿಡಬೇಡಿ. ಸಕ್ಕರೆ ನೀರು ಬೇಗ ಏರುತ್ತೆ, ಬೇಗ ಕರಗುತ್ತೆ. ಒಲೆಗೆ ಒಣ ಸೋಗೆ ಹಾಕಿದ ಹಾಗೆ. ಆಮೇಲೆ ಸೌದೆ ಹಾಕಬೇಕಲ್ಲ? ಊಟದ ಹೊತ್ತಾಗಿದ್ದರೆ ಊಟ ಕೊಡಿ. ಇಲ್ಲದಿದ್ದರೆ ಒಂದು ರೊಟ್ಟಿ, ಎರಡು ಇಡ್ಲಿ, ಒಂದು ಬಾಳೆಹಣ್ಣು ಹಾಲು, ಏನಾದರೂ ಸರಿ.

ನಮ್ಮ ಹೆಣ್ಣುಮಕ್ಕಳು ಕೊಡೋದರಲ್ಲಿ ಧಾರಾಳಿಗಳು. ಸಿಹಿ ಬೇಕು ಅಂದರೆ ಡಬ್ಬದಿಂದ ಲಾಡು ತೆಗೀತಾರೆ, ಒಬ್ಬಟ್ಟಿಗೆ ತುಪ್ಪ ಹಾಕಿ ಕೊಡ್ತಾರೆ. ಆ ಹೊತ್ತಿನಲ್ಲಿ ಅದು ಬೇಡ. ತುಪ್ಪ, ಹಾಲು, ಕಡಲೆ ಸೇರಿದ ಸಿಹಿ ಹೊಟ್ಟೆಯಲ್ಲಿ ನಿಧಾನ ಕರಗುತ್ತೆ. ಚಾಕೊಲೇಟೂ ಹಾಗೇ. ನಮಗೆ ನಿಮಿಷಗಳಲ್ಲಿ ರಕ್ತಕ್ಕೆ ಸೇರೋ ಸಿಹಿ ಬೇಕು. ಬರೀ ಸಕ್ಕರೆ ನೀರಿನಷ್ಟು ಚುರುಕು ಮನೆಯಲ್ಲಿ ಬೇರೆ ಯಾವುದೂ ಇಲ್ಲ. ಉಪ್ಪು ಹಾಕಿದ ನಿಂಬೆ ನೀರಿಂದ ಏನೂ ಆಗೋದಿಲ್ಲ. ಸಕ್ಕರೆ ಹಾಕದ ಟೀಯಿಂದಲೂ ಆಗೋದಿಲ್ಲ. ಶುಗರ್ ಫ್ರೀ ಅಂತ ಬರೆದಿರೋ ಯಾವುದೂ ಆಗ ಕೆಲಸಕ್ಕೆ ಬಾರದು. ಅದರಲ್ಲಿ ಸಿಹಿ ರುಚಿ ಇರುತ್ತೆ, ನಮಗೆ ಬೇಕಾದ ಸಕ್ಕರೆ ಇರೋದಿಲ್ಲ.

ಒಂದು ಸೂಕ್ಷ್ಮ ಇದೆ. ವೋಗ್ಲಿಬೋಸ್, ಅಕಾರ್ಬೋಸ್ ಅಂತ ಎರಡು ಮಾತ್ರೆಗಳಿವೆ. ಊಟದ ಮೊದಲ ತುತ್ತಿನ ಜೊತೆ ತಗೊಳ್ಳಿ ಅಂತ ಹೇಳಿ ಕೊಡ್ತಾರೆ. ಇವು ಹೊಟ್ಟೆಯಲ್ಲಿ ಸಕ್ಕರೆ ಒಡೆಯೋದನ್ನು ತಡೀತವೆ. ಇವನ್ನು ತಗೊಳ್ಳೋರಿಗೆ ಸಕ್ಕರೆ, ಬೆಲ್ಲ ನಿಧಾನವಾಗಿ ಕೆಲಸ ಮಾಡುತ್ತೆ. ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಯಾವಾಗಲೂ ಇರಲಿ. ನಿಮ್ಮ ಮನೆಯವರ ಮಾತ್ರೆ ಇದೇನಾ ಅಂತ ಔಷಧಿ ಕೊಡೋರನ್ನೇ ಕೇಳಿ.

ಎಚ್ಚರ ತಪ್ಪಿದ್ದರೆ ಏನು ಮಾಡೋದು? ಬಾಯಿಗೆ ಏನೂ ಹಾಕಬೇಡಿ. ನೀರು ಬೇಡ, ಸಕ್ಕರೆ ಬೇಡ, ಗಂಗಾಜಲವೂ ಬೇಡ. ಎಚ್ಚರ ಇಲ್ಲದವರು ನುಂಗೋದಿಲ್ಲ. ಬಾಯಿಗೆ ಹಾಕಿದ್ದು ಉಸಿರಿನ ಕೊಳವೆಗೆ ಇಳಿಯಬಹುದು, ಉಸಿರು ಕಟ್ಟಬಹುದು. ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಬಿಗಿ ಬಟ್ಟೆ ಸಡಿಲ ಮಾಡಿ. 108ಕ್ಕೆ ಫೋನ್ ಮಾಡಿ. ಅದಕ್ಕೆ ದುಡ್ಡಿಲ್ಲ. ಫೋನಿನಲ್ಲಿ "ಸಕ್ಕರೆ ಕಾಯಿಲೆಯವರು, ಎಚ್ಚರ ಇಲ್ಲ" ಅಂತ ಮೊದಲೇ ಹೇಳಿ. ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಹಿಡಿಸೋದು, ಬೀಗದ ಕೈ ಹಿಡಿಸೋದು ನಮ್ಮ ಕಡೆ ಇದೆ. ಕಬ್ಬಿಣದಿಂದ ಏನೂ ಆಗೋದಿಲ್ಲ, ಹೊತ್ತು ಮಾತ್ರ ಹೋಗುತ್ತೆ. ಆ ಕೈಯಲ್ಲಿ ಫೋನ್ ಹಿಡೀರಿ.

ಬೆರಳು ಚುಚ್ಚಿ ನೋಡೋ ಯಂತ್ರ ಈಗ ಕೆಲವು ಮನೆಗಳಿಗೆ ಬಂದಿದೆ. ಅಂಕಿ ಓದೋಕೆ ನಿಮಗೆ ಬರುತ್ತೆ. 70ಕ್ಕಿಂತ ಕಡಿಮೆ ಬಂದರೆ ಸಕ್ಕರೆ ಇಳಿದಿದೆ ಅಂತ ಅರ್ಥ. 54ಕ್ಕಿಂತ ಕಡಿಮೆ ಅಂದರೆ ಅಪಾಯ ಹತ್ತಿರ ಇದೆ. ಕೆಲವೊಮ್ಮೆ ಅಂಕಿಯೇ ಬರೋದಿಲ್ಲ, ಎರಡು ಇಂಗ್ಲಿಷ್ ಅಕ್ಷರ ಬರುತ್ತೆ. ಒಂದು ನಿಂತ ಗೆರೆ, ಅದರ ಬುಡದಲ್ಲಿ ಅಡ್ಡ ಗೆರೆ. ಪಕ್ಕದಲ್ಲಿ ಸೊನ್ನೆಯಂಥ ಅಕ್ಷರ. ಅದನ್ನು "ಲೋ" ಅಂತ ಓದಬೇಕು. ಸಕ್ಕರೆ ಎಷ್ಟು ಕಡಿಮೆ ಇದೆ ಅಂದರೆ ಎಣಿಸೋಕೆ ಯಂತ್ರಕ್ಕೂ ಆಗ್ತಿಲ್ಲ ಅಂತ ಅದರ ಅರ್ಥ. ಯಂತ್ರ ಕೆಟ್ಟಿದೆ ಅಂತ ಬದಿಗಿಡಬೇಡಿ.

ಯಂತ್ರ ಇಲ್ಲದ ಮನೆಯವರು ಯಂತ್ರ ಹುಡುಕಿಕೊಂಡು ಹೋಗೋದೂ ಬೇಡ. ಅನುಮಾನ ಬಂದರೆ ಸಕ್ಕರೆ ನೀರು ಕೊಡಿ. "ಸಕ್ಕರೆ ಹೆಚ್ಚಾಗಿದ್ದೇ ಆಗಿದ್ದರೆ?" ಅಂತ ನೀವು ಕೇಳಬಹುದು. ಹೆಚ್ಚಾಗಿದ್ದವರಿಗೆ 3 ಚಮಚ ಕೊಟ್ಟರೆ ಸ್ವಲ್ಪ ಹೊತ್ತು ಇನ್ನಷ್ಟು ಏರುತ್ತೆ, ಅಷ್ಟೇ. ಇಳಿದವರಿಗೆ ಕೊಡದಿದ್ದರೆ ಜೀವ ಹೋಗಬಹುದು. ತೂಗಿ ನೋಡಿ. ಇನ್ನೂ ಒಂದು ಗುರುತು. ಹೆಚ್ಚಾಗೋದು ಸಾಮಾನ್ಯವಾಗಿ ನಿಧಾನ. ದಿನಗಟ್ಟಲೆ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಸುಸ್ತು. ಇಳಿಯೋದು ನಿಮಿಷಗಳಲ್ಲಿ.

ಇನ್ನು, ಯಾಕೆ ಇಳಿಯುತ್ತೆ ಅನ್ನೋ ವಿಷಯ. ಮೊದಲು ಬಿಟ್ಟ ಮಾತಿಗೆ ಈಗ ಬಂದೆವು.

ನಮ್ಮ ಮನೆಗಳಲ್ಲಿ ಹೆಂಗಸು ಕೊನೆಗೆ ಉಣ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದು, ಕಸ ಮುಸುರೆ ಮಾಡಿ, ಎಮ್ಮೆ ಹಾಲು ಕರೆದು, ಅಡುಗೆ ಮಾಡಿ, ಗಂಡನಿಗೆ ಬಡಿಸಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಅತ್ತೆ ಮಾವನಿಗೆ ಕೊಟ್ಟು, ಉಳಿದದ್ದನ್ನು ಹನ್ನೊಂದು ಗಂಟೆಗೆ ನಿಂತುಕೊಂಡೇ ಬಾಯಿಗೆ ಹಾಕ್ಕೊಳ್ತಾಳೆ. ಸಾರು ಸಾಲದಿದ್ದರೆ ಮಜ್ಜಿಗೆ. ಮುದ್ದೆ ಸಾಲದಿದ್ದರೆ ಅದೂ ಇಲ್ಲ. ಆರೋಗ್ಯ ಇರುವವಳಿಗೆ ಇದು ಅನ್ಯಾಯ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗೋಳಿಗೆ ಇದು ಪ್ರಾಣಾಪಾಯ. ಏಳು ಗಂಟೆಗೆ ಮಾತ್ರೆ, ಹನ್ನೊಂದಕ್ಕೆ ಊಟ ಅಂದರೆ ನಡುವೆ ನಾಲ್ಕು ಗಂಟೆ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಕೆಲಸ ಮಾಡ್ತಾ ಇರುತ್ತೆ. ಅದರ ಮೇಲೆ ಕಳೆ ಕೀಳೋ ಕೆಲಸ, ನಾಟಿ ಕೆಲಸ, ಖಾತ್ರಿ ಕೆಲಸದ ಮಣ್ಣು ಹೊರೋದು. ದುಡಿಮೆಯೂ ಸಕ್ಕರೆ ಇಳಿಸುತ್ತೆ. ಬಿಸಿಲಿಗೆ ತಲೆ ತಿರುಗಿತು ಅಂತ ಗದ್ದೆ ಬದುವಿನ ಮೇಲೆ ಕೂತವರಲ್ಲಿ ಎಷ್ಟು ಜನಕ್ಕೆ ಹೀಗಾಗಿರಬಹುದು, ಯೋಚನೆ ಮಾಡಿ.

"ಅಕ್ಕಾ, ಎಲ್ಲರಿಗಿಂತ ಮೊದಲು ಉಂಡರೆ ಅತ್ತೆ ಏನಂತಾರೆ?" ಅಂತ ಹಿಂದೆ ಕೂತವರು ಕೇಳ್ತಾ ಇದ್ದಾರೆ. ಸರಿಯಾದ ಪ್ರಶ್ನೆ. ಮಾತ್ರೆ ಚೀಟಿ ಅತ್ತೆಗೆ ಓದಿ ಹೇಳಿ. ಈಗ ಓದೋಕೆ ಬರುತ್ತಲ್ಲ. "ಊಟಕ್ಕೆ ಮೊದಲು" ಅಂತ ಬರೆದಿದ್ದರೆ, ಅದು ಇಷ್ಟು ಹೊತ್ತು ಮೊದಲು ಅಂತ ಕೇಳಿ ತಿಳಿಯಿರಿ. ಊಟ ತಯಾರಾಗದೆ ಮಾತ್ರೆ ಮುಟ್ಟಬೇಡಿ. ಅತ್ತೆಗೂ ನಂಬಿಕೆ ಬಾರದಿದ್ದರೆ ನಮ್ಮನ್ನು ಕರೀರಿ. ಮನೆಗೆ ಬಂದು ಹೇಳ್ತೇವೆ. ಹೇಳಿದ್ದೇವೆ ಕೂಡ. ಒಂದು ಮನೆಯಲ್ಲಿ ಅತ್ತೆಯೇ ಈಗ ಮೊದಲು ಸೊಸೆಗೆ ತಟ್ಟೆ ಇಡ್ತಾರೆ.

ಇನ್ಸುಲಿನ್ ತಗೊಳ್ಳೋರೂ ಹಾಗೇ. ಸೂಜಿ ಚುಚ್ಚಿಕೊಂಡು ಆಮೇಲೆ ಒಲೆ ಹಚ್ಚಬೇಡಿ. ಅಡುಗೆ ಆಗಿರಲಿ, ಆಮೇಲೆ ಸೂಜಿ. ಎಷ್ಟು ನಿಮಿಷದೊಳಗೆ ಉಣ್ಣಬೇಕು ಅನ್ನೋದು ಇನ್ಸುಲಿನ್ನಿನಿಂದ ಇನ್ಸುಲಿನ್ನಿಗೆ ಬೇರೆ. ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಇನ್ಸುಲಿನ್ ವಿಷಯದಲ್ಲಿ ಇನ್ನೊಂದು ಅಪಾಯ ಇದೆ. ಇದನ್ನು ತಪ್ಪಿಸೋಕೆ ನೀವು ಕಲಿತ ಅಂಕಿಯೇ ಸಾಕು. ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಬಾಟ್ಲಿ ಸಿಗುತ್ತೆ. ಒಂದರ ಮೇಲೆ 40 ಅಂತ ಇರುತ್ತೆ, ಇನ್ನೊಂದರ ಮೇಲೆ 100. ಸಿರಿಂಜಿನಲ್ಲೂ ಎರಡು ಬಗೆ. 40ರ ಸಿರಿಂಜಿಗೆ ಕೆಂಪು ಟೋಪಿ, 100ರ ಸಿರಿಂಜಿಗೆ ಕಿತ್ತಳೆ ಟೋಪಿ. 40ರ ಬಾಟ್ಲಿಗೆ 40ರ ಸಿರಿಂಜೇ ಬೇಕು. 100ರ ಬಾಟ್ಲಿಗೆ 100ರದ್ದೇ. ಅದಲು ಬದಲಾದರೆ ಏನಾಗುತ್ತೆ ನೋಡಿ. 100ರ ಬಾಟ್ಲಿಯಿಂದ 40ರ ಸಿರಿಂಜಿನಲ್ಲಿ 10 ಅಂತ ಎಳೆದರೆ ಮೈಗೆ ಹೋಗೋದು 10 ಅಲ್ಲ, 25. ಎರಡೂವರೆ ಪಟ್ಟು! ಅಂಗಡಿಯವರು ಅವಸರದಲ್ಲಿ ಕೊಟ್ಟರು, ನಾವು ನೋಡದೆ ತಂದೆವು ಅಂತ ಆಗಬಾರದು. ಬಾಟ್ಲಿ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಅಂಗಡಿಯಲ್ಲೇ ನಿಂತು ಓದಿ.

ಮಾತ್ರೆಗಳಲ್ಲಿ ಎಲ್ಲವೂ ಸಕ್ಕರೆಯನ್ನು ಇಷ್ಟು ಕೆಳಗೆ ಇಳಿಸೋದಿಲ್ಲ. ಮೆಟ್‌ಫಾರ್ಮಿನ್ ಅಂತ ಒಂದಿದೆ, ಬಹಳ ಜನ ತಗೊಳ್ತಾರೆ. ಅದೊಂದನ್ನೇ ತಗೊಂಡರೆ ಇಳಿಯೋದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್ ಇವು ಇಳಿಸಬಲ್ಲವು. ಎಲ್ಲವೂ "ಗ್ಲಿ" ಅಂತಲೇ ಶುರು. ಎರಡು ಔಷಧಿ ಸೇರಿಸಿ ಒಂದೇ ಮಾತ್ರೆ ಮಾಡಿರೋದೂ ಉಂಟು. ಕಷ್ಟ ಏನೆಂದರೆ ಮಾತ್ರೆ ಪಟ್ಟಿಯ ಮೇಲೆ ಹೆಸರು ಕನ್ನಡದಲ್ಲಿ ಇರೋದಿಲ್ಲ. ಕನ್ನಡ ಕಲಿತು ಬಂದರೂ ನಮ್ಮ ಮಾತ್ರೆ ನಮಗೆ ಓದೋಕೆ ಆಗೋದಿಲ್ಲ ಅನ್ನೋದು ನಮಗೂ ಬೇಸರವೇ. ಅದಕ್ಕೆ ಮಾತ್ರೆ ಕೊಡೋರ ಹತ್ತಿರ ನಿಮ್ಮ ಪುಸ್ತಕ ಹಿಡಿದು, "ಇದರೊಳಗಿನ ಔಷಧಿ ಹೆಸರು ಕನ್ನಡದಲ್ಲಿ ಬರೆದುಕೊಡಿ" ಅನ್ನಿ. ನಾಚಿಕೆ ಪಡಬೇಡಿ.

"ಗ್ಲಿ" ಮಾತ್ರೆ ತಗೊಂಡವರಿಗೆ ಸಕ್ಕರೆ ಇಳಿದರೆ, ಒಮ್ಮೆ ಸರಿಹೋದ ಮೇಲೆ ಅದೇ ದಿನ ಅಥವಾ ಮಾರನೆ ದಿನ ಮತ್ತೆ ಇಳಿಯಬಹುದು. ಮಾತ್ರೆಯ ಶಕ್ತಿ ಮೈಯಲ್ಲಿ ಇನ್ನೂ ಇರುತ್ತೆ. ವಯಸ್ಸಾದವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಅದು ಇನ್ನೂ ಹೆಚ್ಚು ಹೊತ್ತು ಉಳಿಯುತ್ತೆ. ಅಂಥವರನ್ನು ಅವತ್ತೇ ಡಾಕ್ಟರಿಗೆ ತೋರಿಸಿ. ಆ ರಾತ್ರಿ ಒಬ್ಬರನ್ನೇ ಮಲಗಿಸಬೇಡಿ.

ಉಪವಾಸದ ಮಾತು ಹೇಳಲೇಬೇಕು. ಏಕಾದಶಿ, ಸಂಕಷ್ಟಿ, ಶಿವರಾತ್ರಿ, ಶನಿವಾರದ ಒಪ್ಪತ್ತು, ರಂಜಾನಿನ ರೋಜಾ ಎಲ್ಲ ನಮ್ಮ ಊರಿನಲ್ಲಿ ಇದೆ. ಸೂಜಿ, ಮಾತ್ರೆ ತಗೊಂಡು ಉಪವಾಸ ಮಾಡಿದರೆ ಬೀಳೋದು ಖಂಡಿತ ಅಂತಲೇ ತಿಳಿಯಿರಿ. ಮಾಡಲೇಬೇಕು ಅನ್ನೋರು ಮುಂಚೆಯೇ ಡಾಕ್ಟರ ಹತ್ತಿರ ಹೋಗಿ. ಯಾವ ಮಾತ್ರೆ ಯಾವಾಗ ಅಂತ ಅವರು ಬದಲಿಸಿ ಕೊಡ್ತಾರೆ, ಇಲ್ಲವೇ ಬೇಡ ಅಂತಾರೆ. ರೋಜಾದಲ್ಲಿ ಕಾಯಿಲೆಯವರಿಗೆ ವಿನಾಯಿತಿ ಇದೆ. ಉಪವಾಸದ ನಡುವೆ ನಡುಕ ಬಂದರೆ ಆ ಕ್ಷಣ ಬಿಟ್ಟು ಸಕ್ಕರೆ ನೀರು ಕುಡೀರಿ. ನಮ್ಮ ಅಭಿಪ್ರಾಯ ಕೇಳಿದರೆ, ಸೂಜಿ ತಗೊಳ್ಳೋರು ಹೂವು ಏರಿಸಿ ಕೈಮುಗಿದರೆ ಸಾಕು.

ಗಂಡಸರ ಕುಡಿತವೂ ಒಂದು ಕಾರಣ. ಊಟ ಬಿಟ್ಟು ಕುಡಿದರೆ ಸಕ್ಕರೆ ಇಳಿಯುತ್ತೆ, ಕೆಲವೊಮ್ಮೆ ಮಾರನೆ ಬೆಳಿಗ್ಗೆ ಇಳಿಯುತ್ತೆ. ವಾಸನೆ ನೋಡಿ ಜನ ನಶೆ ಅಂತ ಬಿಡ್ತಾರೆ. ಸಕ್ಕರೆ ಕಾಯಿಲೆಯವನು ಕುಡಿದು ಬಿದ್ದಿದ್ದರೂ ಎಬ್ಬಿಸಿ ನೋಡಿ. ಏಳದಿದ್ದರೆ 108.

ರಾತ್ರಿ ನಿದ್ದೆಯಲ್ಲೂ ಇಳಿಯುತ್ತೆ. ಬೆಚ್ಚಿ ಕೂಗಿಕೊಳ್ತಾರೆ. ಬೆಳಿಗ್ಗೆ ಹಾಸಿಗೆ ಬೆವರಿಂದ ಒದ್ದೆ, ತಲೆನೋವು. ಹೀಗೆ ಎರಡು ಸಲ ಆದರೆ ಡಾಕ್ಟರಿಗೆ ಹೇಳಿ. ಪದೇ ಪದೇ ಇಳಿದವರಿಗೆ ಬರಬರುತ್ತಾ ಮುನ್ಸೂಚನೆಯೇ ಗೊತ್ತಾಗೋದಿಲ್ಲ. ನಡುಕ ಇಲ್ಲ, ಹಸಿವು ಇಲ್ಲ, ನೇರ ಬೀಳ್ತಾರೆ. ರಕ್ತದೊತ್ತಡಕ್ಕೆ ಕೊಡೋ ಕೆಲವು ಮಾತ್ರೆಗಳೂ ಎದೆಬಡಿತ, ನಡುಕವನ್ನು ಮುಚ್ಚಿಬಿಡ್ತವೆ. ಬೆವರು ಮಾತ್ರ ಬರುತ್ತೆ. ಅದಕ್ಕೇ ಬೆವರನ್ನು ಮೊದಲು ಹೇಳಿದೆವು.

ಒಂದು ಸಲ ಸಕ್ಕರೆ ಇಳಿದು ಹೆದರಿದವರು ಮಾತ್ರೆಯನ್ನೇ ಬಿಟ್ಟುಬಿಡ್ತಾರೆ. "ಆ ಮಾತ್ರೆ ನನಗೆ ಆಗಿಬರಲ್ಲ" ಅಂತಾರೆ. ಬಿಟ್ಟರೆ ಸಕ್ಕರೆ ಏರುತ್ತೆ, ಕಣ್ಣು, ಕಾಲು, ಮೂತ್ರಪಿಂಡ ಹಾಳಾಗುತ್ತೆ. ಮುಂದಿನ ಮಾತ್ರೆ ತಗೊಳ್ಳೋಕೆ ಮುಂಚೆ ಡಾಕ್ಟರನ್ನು ಕೇಳಿ. ಎಷ್ಟು ಹೊತ್ತಿಗೆ ಆಯ್ತು, ಅವತ್ತು ಏನು ಉಂಡಿದ್ದಿರಿ, ಏನು ಕೆಲಸ ಮಾಡಿದ್ದಿರಿ ಅಂತ ಒಂದು ಹಾಳೆಯಲ್ಲಿ ಎರಡು ಸಾಲು ಬರೆದುಕೊಂಡು ಹೋಗಿ. ಆ ಎರಡು ಸಾಲು ನೋಡಿ ಅವರು ಮದ್ದಿನ ಅಳತೆ ತಿದ್ದುತ್ತಾರೆ.

ಚಿಕ್ಕ ಮಕ್ಕಳಿಗೂ ಈ ಕಾಯಿಲೆ ಬರುತ್ತೆ, ಅವರಿಗೆ ಇನ್ಸುಲಿನ್ನೇ ಮದ್ದು. ಸಕ್ಕರೆಯ ಅಳತೆ ಮಕ್ಕಳಿಗೆ ಬೇರೆ. ಡಾಕ್ಟರು ಹೇಳಿದ ಅಳತೆಯನ್ನು ಸ್ಕೂಲಿನ ಮೇಷ್ಟ್ರಿಗೂ ತಿಳಿಸಿರಿ.

ಈಗ ಪೆನ್ಸಿಲ್ ತೆಗೀರಿ. ಹಾಳೆಯನ್ನು ನಾಲ್ಕು ಭಾಗ ಮಾಡಿ, ಒಂದು ಭಾಗದಲ್ಲಿ ನಾವು ಹೇಳಿದ್ದನ್ನು ಬರೀರಿ. ನಿಮಗೇ ಕಾಯಿಲೆ ಇದ್ದರೆ ನಿಮಗಾಗಿ. ಇಲ್ಲದಿದ್ದರೆ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇರೋರಿಗಾಗಿ.

ನನಗೆ ಸಕ್ಕರೆ ಕಾಯಿಲೆ ಇದೆ.
ನಾನು ಬೆವತು ತೊದಲುತ್ತಾ ಇದ್ದರೆ ಕುಡಿದಿದ್ದೇನೆ ಅಂತ ತಿಳಿಯಬೇಡಿ.
ಎಚ್ಚರ ಇದ್ದರೆ 3 ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ.
ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ.
ನನ್ನ ಹೆಸರು ..............
ಮನೆಯವರ ಫೋನ್ ..............

ಒತ್ತಕ್ಷರ ತಪ್ಪಿದರೂ ಚಿಂತೆಯಿಲ್ಲ. ಫೋನ್ ನಂಬರು ಮಾತ್ರ ಎರಡು ಸಲ ನೋಡಿ ಬರೀರಿ. ಈ ಚೀಟಿಯನ್ನೂ, ಸಕ್ಕರೆ ಕಟ್ಟಿದ ಒಂದು ಚಿಕ್ಕ ಪೊಟ್ಟಣವನ್ನೂ ಎಲೆಅಡಿಕೆ ಚೀಲದಲ್ಲಿ ಒಟ್ಟಿಗೇ ಇಡಿ. ಹೊಲಕ್ಕೆ ಹೋದರೂ, ಸಂತೆಗೆ ಹೋದರೂ ಅದು ಜೊತೆಗಿರಲಿ. ಇರುವೆ ಮುತ್ತದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ.

ಬರೆದಾಯ್ತಾ? ಊಟ ಮಾಡದೆ ಬಂದವರು ಮೊದಲು ಮನೆಗೆ ಹೊರಡಿ. ಪ್ರಶ್ನೆ ಇದ್ದವರು ಕೂತಿರಿ, ನಾವು ಇನ್ನೂ ಸ್ವಲ್ಪ ಹೊತ್ತು ಇರ್ತೇವೆ.